ಈ ಪ್ರಾಯದಲ್ಲಿ ಇದೆಲ್ಲ ಬೇಕಾ?

ಕಲ್ಲಡ್ಕಕ್ಕೆ ಹೋಗಿ ಕೆ.ಟಿ. ಕುಡಿಯದೆ ವಾಪಸ್ ಬರೋದುಂಟಾ? ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಕೆ.ಟಿ. ಅಂದ್ರೆ ಕಲ್ಲಡ್ಕ ಟೀ. ಗಾಜಿನ ಲೋಟದಲ್ಲಿ ಕೆಳಗೆ ಬೆಳ್ಳಗಿನ ಹಾಲು, ಮೇಲೆ ಕಪ್ಪು ಡಿಕಾಕ್ಷನ್. ಎರಡೂ ಬೆರೆಯದೆ, ನಡುವೆ ಗೆರೆ ಎಳೆದ ಹಾಗೆ ನಿಂತಿರುತ್ತೆ. ಚಮಚ ಹಾಕಿ ಕಲಕೋಕೆ ಮನಸ್ಸು ಬರಲ್ಲ.

ಊರಿಗೆ ಹೋಗಿದ್ದೆ. ಭಾನುವಾರ ಬೆಳಿಗ್ಗೆ ಏಳೂವರೆ ಇರಬಹುದು. ಲೋಟ ಕೈಯಲ್ಲಿತ್ತು. ಮೇಲ್ಕಾರ್ ಕಡೆಯಿಂದ ಏಳೆಂಟು ಸೈಕಲ್‌ಗಳು ಬಂದು ಹೋಟೆಲ್ ಎದುರು ನಿಂತವು. ತೆಳ್ಳಗಿನ ಟೈರು, ಬಾಗಿದ ಹ್ಯಾಂಡಲ್, ಮೈಗೆ ಅಂಟಿದ ಬಟ್ಟೆ. ಮಂಗಳೂರಿನಿಂದ ಮೂವತ್ತು ಕಿಲೋಮೀಟರ್ ತುಳಿದುಕೊಂಡು ಟೀ ಕುಡಿಯೋಕೆ ಬಂದವರು. ಅವರಲ್ಲೊಬ್ಬರು ಹೆಲ್ಮೆಟ್ ತೆಗೆದರು. ನೋಡಿದರೆ ಹೆಂಗಸು. ಕೂದಲು ಅರ್ಧಕ್ಕರ್ಧ ಬೆಳ್ಳಗಾಗಿತ್ತು.

ಪಕ್ಕದ ಬೆಂಚಿನಲ್ಲಿ ಕೂತಿದ್ದ ಹಿರಿಯರೊಬ್ಬರು ನನ್ನ ಕಡೆ ವಾಲಿ, "ಈ ಪ್ರಾಯದಲ್ಲಿ ಇದೆಲ್ಲ ಬೇಕಾ ಮಾರಾಯ್ರೆ?" ಅಂದರು.

ನಾನು ನಕ್ಕೆ. ಸುಳ್ಳು ಯಾಕೆ ಹೇಳಲಿ, ನಕ್ಕೆ. ಅವರ ಗುಂಪಿನಲ್ಲಿ ಅಷ್ಟೇ ಪ್ರಾಯದ ಇಬ್ಬರು ಗಂಡಸರೂ ಇದ್ದರು. ಅವರನ್ನು ನೋಡಿ ಆ ಹಿರಿಯರು ಏನೂ ಅನ್ನಲಿಲ್ಲ, ನನಗೂ ನಗು ಬರಲಿಲ್ಲ. ಇದು ಹೊಳೆದದ್ದು ಬೆಂಗಳೂರಿಗೆ ವಾಪಸ್ ಬರುವಾಗ, ಶಿರಾಡಿ ಘಾಟಿಯ ಅರ್ಧ ದಾರಿಯಲ್ಲಿ. ಆ ನಗುವಿನ ಸಾಲ ತೀರಿಸೋಕೆ ಅಂತಲೇ ಈ ಕಥೆ ಹೇಳ್ತಿದ್ದೀನಿ.

ಮೊದಲು ರಿಯೋಗೆ ಹೋಗೋಣ. 2016ರ ಆಗಸ್ಟ್ 10. ಒಲಿಂಪಿಕ್ಸ್‌ನ ಮಹಿಳೆಯರ ಸೈಕ್ಲಿಂಗ್ ಟೈಮ್ ಟ್ರಯಲ್. ಟೈಮ್ ಟ್ರಯಲ್ ಅಂದ್ರೆ ಗುಂಪಿನಲ್ಲಿ ಓಡಿಸೋದಲ್ಲ. ಒಬ್ಬೊಬ್ಬರನ್ನೇ ಬಿಡ್ತಾರೆ. ಮುಂದೆ ಗಾಳಿ ತಡೆಯೋಕೆ ಯಾರೂ ಇರಲ್ಲ, ಹಿಂದೆ ತಳ್ಳೋಕೂ ಯಾರೂ ಇರಲ್ಲ. ಗಡಿಯಾರ ಒಂದೇ ಎದುರಾಳಿ. ಅವತ್ತು ಮಳೆ, ಗಾಳಿ, ಜಾರುವ ರಸ್ತೆ. ಸುಮಾರು 30 ಕಿಲೋಮೀಟರ್ ದಾರಿ, ಮಧ್ಯದಲ್ಲಿ ಗುಡ್ಡ.

ಅಮೆರಿಕದ ಕ್ರಿಸ್ಟಿನ್ ಆರ್ಮ್‌ಸ್ಟ್ರಾಂಗ್ ಗೆರೆ ದಾಟಿದಾಗ ಮೂಗಿನಿಂದ ರಕ್ತ ಇಳೀತಿತ್ತು. ಸೈಕಲ್‌ನಿಂದ ಇಳಿದವಳು ಹಾಗೇ ನೆಲಕ್ಕೆ ಕುಸಿದಳು. ರಷ್ಯಾದ ಓಲ್ಗಾ ಜಬೆಲಿನ್‌ಸ್ಕಾಯಾಗಿಂತ ಐದೂವರೆ ಸೆಕೆಂಡ್ ಮುಂದೆ. ಚಿನ್ನ! ಮಾರನೇ ದಿನ ಆಕೆಯ ಹುಟ್ಟುಹಬ್ಬ. ಎಷ್ಟನೇದು ಅಂತೀರಾ? 43ನೇದು. (ಹೆಸರು ಕೇಳಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ನೆನಪಾದರೆ ತಪ್ಪಿಲ್ಲ, ಆದರೆ ಇಬ್ಬರಿಗೂ ಸಂಬಂಧ ಇಲ್ಲ.)

ಅದು ಆಕೆಯ ಸತತ ಮೂರನೇ ಚಿನ್ನ. 2008ರಲ್ಲಿ ಬೀಜಿಂಗ್, 2012ರಲ್ಲಿ ಲಂಡನ್, 2016ರಲ್ಲಿ ರಿಯೋ, ಮೂರೂ ಕಡೆ ಅದೇ ಸ್ಪರ್ಧೆ. ನಡುವೆ ಎರಡು ಸಲ ನಿವೃತ್ತಿ ಘೋಷಿಸಿದ್ದಳು. ಒಂದು ಸಲ ಮಗು ಬೇಕು ಅಂತ. 2010ರಲ್ಲಿ ಮಗ ಹುಟ್ಟಿದ. ಇನ್ನೊಂದು ಸಲ ಇನ್ನು ಸಾಕು ಅಂತ. ಊರಾದ ಬಾಯ್ಸಿಯಲ್ಲಿ ಒಂದು ಆಸ್ಪತ್ರೆಯಲ್ಲಿ ಕೆಲಸ ಇತ್ತು. ಬೆಳಿಗ್ಗೆ ತರಬೇತಿ, ಆಮೇಲೆ ಕಚೇರಿ, ಆಮೇಲೆ ಮಗನ ಶಾಲೆ.

ಅಸಲಿಗೆ ಆಕೆ ಸೈಕಲ್ ಓಟಕ್ಕೆ ಬಂದದ್ದೇ ಕಾಲು ಕೆಟ್ಟದ್ದರಿಂದ. ಮೊದಲು ಈಜು, ಸೈಕಲ್, ಓಟ ಮೂರೂ ಇರುವ ಟ್ರಯಾಥ್ಲಾನ್ ಮಾಡ್ತಿದ್ದಳು. 2001ರಲ್ಲಿ, ಇನ್ನೂ ಮೂವತ್ತು ಆಗುವ ಮೊದಲೇ, ಎರಡೂ ಸೊಂಟದ ಕೀಲು ಸವೆದಿದೆ ಅಂತ ಗೊತ್ತಾಯಿತು. ಓಡೋದು ನಿಲ್ಲಿಸು ಅಂದರು ಡಾಕ್ಟರ್. ಓಡೋಕಾಗದವಳಿಗೆ ಉಳಿದದ್ದು ಸೈಕಲ್.

ಇನ್ನೊಂದು ವಿಚಿತ್ರ ಕೇಳಿ. ಆ ವರ್ಷ ಆಕೆಯನ್ನು ಅಮೆರಿಕ ತಂಡಕ್ಕೆ ಆರಿಸಿದ್ದೇ ತಕರಾರಾಗಿ ಪಂಚಾಯ್ತಿಗೆ ಹೋಗಿತ್ತು. ತನಗೆ ಅನ್ಯಾಯ ಆಯ್ತು ಅಂತ ಹೋದವರಲ್ಲಿ ಆಂಬರ್ ನೆಬೆನ್ ಒಬ್ಬಳು. ಆಕೆಯ ವಯಸ್ಸು 41! ಆಕೆಗೆ ರಿಯೋ ಸಿಗಲಿಲ್ಲ. ಎರಡು ತಿಂಗಳ ನಂತರ ದೋಹಾದಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೀತು. ಟೈಮ್ ಟ್ರಯಲ್ ಗೆದ್ದವಳು ಯಾರು? ಇದೇ ನೆಬೆನ್. ಒಂದೇ ದೇಶದ ಇಬ್ಬರು ನಲವತ್ತು ದಾಟಿದ ಹೆಂಗಸರು, ಒಂದೇ ವರ್ಷ, ಒಬ್ಬಳು ಒಲಿಂಪಿಕ್ ಚಾಂಪಿಯನ್, ಇನ್ನೊಬ್ಬಳು ವಿಶ್ವ ಚಾಂಪಿಯನ್. ಬೇರೆ ಯಾವ ಆಟದಲ್ಲಿ ಇಂಥದ್ದು ನೋಡಿದ್ದೀರಿ? ನಲವತ್ತಕ್ಕೆ ಕ್ರಿಕೆಟಿಗರು ನಮ್ಮ ಸ್ಟುಡಿಯೋಗೆ ಬಂದು ಕಾಮೆಂಟರಿ ಹೇಳ್ತಿರ್ತಾರೆ.

ಹಾಗಾದರೆ ಹೆಂಗಸರ ಸೈಕ್ಲಿಂಗ್‌ನಲ್ಲಿ ಯಾಕೆ ಹೀಗೆ? ಇದಕ್ಕೆ ಉತ್ತರ ದೇಹದಲ್ಲಿ ಸ್ವಲ್ಪ ಇದೆ, ಇತಿಹಾಸದಲ್ಲಿ ತುಂಬಾ ಇದೆ.

ಆಧುನಿಕ ಒಲಿಂಪಿಕ್ಸ್ ಶುರುವಾದದ್ದು 1896ರಲ್ಲಿ, ಅಥೆನ್ಸ್‌ನಲ್ಲಿ. ಆ ಮೊದಲ ಒಲಿಂಪಿಕ್ಸ್‌ನಲ್ಲೇ ಸೈಕ್ಲಿಂಗ್ ಇತ್ತು. ಗಂಡಸರಿಗೆ. ಹೆಂಗಸರಿಗೆ ಒಲಿಂಪಿಕ್ಸ್‌ನಲ್ಲಿ ಸೈಕಲ್ ಸ್ಪರ್ಧೆ ಬಂದದ್ದು ಯಾವಾಗ? 1984ರಲ್ಲಿ. ಎಂಬತ್ತೆಂಟು ವರ್ಷ! ವಿಶ್ವ ಚಾಂಪಿಯನ್‌ಶಿಪ್‌ನ ಬಾಗಿಲು ಸ್ವಲ್ಪ ಮೊದಲು, 1958ರಲ್ಲಿ ತೆರೀತು. ಅಷ್ಟು ವರ್ಷ ಹೆಂಗಸರಿಗೆ ತುಳಿಯೋಕೆ ಬರ್ತಿರಲಿಲ್ವಾ? ಬರ್ತಿತ್ತು. ಎಷ್ಟು ಚೆನ್ನಾಗಿ ಬರ್ತಿತ್ತು ಅನ್ನೋದಕ್ಕೆ ಒಂದು ಹೆಸರು ಸಾಕು. ಬೆರಿಲ್ ಬರ್ಟನ್.

ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯವಳು. ಹುಟ್ಟಿದ್ದು 1937ರಲ್ಲಿ. ಸಣ್ಣವಳಿದ್ದಾಗ ರುಮ್ಯಾಟಿಕ್ ಜ್ವರ ಬಂದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದ್ದಳು. ಹೃದಯಕ್ಕೆ ತ್ರಾಸ ಕೊಡಬೇಡ ಅಂತ ಡಾಕ್ಟರರ ಅಪ್ಪಣೆ. ಮದುವೆಯಾದದ್ದು ಚಾರ್ಲಿ ಅನ್ನೋ ಸೈಕಲ್ ಹುಚ್ಚಿನವನನ್ನು. ಆತನೇ ಸೈಕಲ್ ಹತ್ತಿಸಿದ. ಸ್ವಲ್ಪ ದಿನದಲ್ಲೇ ಹೆಂಡತಿ ತನಗಿಂತ ಜೋರು ಅಂತ ಗೊತ್ತಾಯಿತು. ಆಮೇಲೆ ಆತ ತನ್ನ ಸ್ಪರ್ಧೆ ಬಿಟ್ಟು ಆಕೆಯ ಸೈಕಲ್ ರಿಪೇರಿ ಮಾಡಿಕೊಂಡು, ಕಾರಿನಲ್ಲಿ ಸ್ಪರ್ಧೆಯಿಂದ ಸ್ಪರ್ಧೆಗೆ ಕರೆದುಕೊಂಡು ಹೋಗಿಕೊಂಡು ಜೀವನ ಕಳೆದ. ಇಂಥ ಗಂಡಂದಿರ ಬಗ್ಗೆ ಒಂದು ಪ್ರತ್ಯೇಕ ಎಪಿಸೋಡ್ ಮಾಡಬೇಕು.

ಬೆರಿಲ್‌ಗೆ ಸಂಬಳ ಕೊಡುವ ತಂಡ ಇರಲಿಲ್ಲ. ರೂಬಾರ್ಬ್ ಅಂತ ಆ ಕಡೆಯ ಒಂದು ಬೆಳೆ, ಅದರ ತೋಟದಲ್ಲಿ ಕೂಲಿ ಕೆಲಸ. ಬಗ್ಗಿ, ಅಗೆದು, ಹೊತ್ತು ಹಾಕುವ ಕೆಲಸ. ಹಾಗೆ ದುಡಿಯುತ್ತಲೇ ಏಳು ಸಲ ವಿಶ್ವ ಚಾಂಪಿಯನ್ ಆದಳು. ಐದು ಟ್ರ್ಯಾಕ್‌ನಲ್ಲಿ, ಎರಡು ರಸ್ತೆಯಲ್ಲಿ.

ಈಗ 1967ರ ಸೆಪ್ಟೆಂಬರ್‌ಗೆ ಬನ್ನಿ. ಹನ್ನೆರಡು ಗಂಟೆಯ ಸ್ಪರ್ಧೆ. ಹನ್ನೆರಡು ಗಂಟೆಯಲ್ಲಿ ಯಾರು ಹೆಚ್ಚು ದೂರ ಹೋಗ್ತಾರೋ ಅವರು ಗೆದ್ದ ಹಾಗೆ. ಗಂಡಸರನ್ನು ಮೊದಲು ಬಿಟ್ಟರು, ಹೆಂಗಸರನ್ನು ಆಮೇಲೆ. ಬೆರಿಲ್ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತಾ ಬಂದಳು. ಕೊನೆಗೆ ಎದುರಿಗೆ ಉಳಿದವನು ಒಬ್ಬನೇ, ಮೈಕ್ ಮೆಕ್‌ನಮಾರಾ. ಆತ ಅವತ್ತು ಗಂಡಸರ ರಾಷ್ಟ್ರೀಯ ದಾಖಲೆ ಮುರಿಯುವ ಹಾದಿಯಲ್ಲಿದ್ದ. ಮುರಿದ ಕೂಡ. ಅಂಥವನ ಪಕ್ಕಕ್ಕೆ ಬಂದ ಬೆರಿಲ್‌ಗೆ ಏನೋ ಮುಜುಗರ. ದಾಟಿಕೊಂಡು ಸುಮ್ಮನೆ ಹೋಗೋದು ಹೇಗೆ? ಜೇಬಿನಲ್ಲಿ ಜ್ಯೇಷ್ಠಮಧು ಹಾಕಿ ಮಾಡಿದ ಮಿಠಾಯಿ ಇತ್ತು. ಒಂದನ್ನು ತೆಗೆದು ಆತನ ಕಡೆ ಚಾಚಿದಳು. ಆತ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಆಕೆ ಮುಂದೆ ಹೋದಳು.

ಸಂಜೆ ಲೆಕ್ಕ ಹಾಕಿದಾಗ ಆಕೆ ತುಳಿದ ದೂರ 277.25 ಮೈಲಿ. ನಮ್ಮ ಲೆಕ್ಕದಲ್ಲಿ 446 ಕಿಲೋಮೀಟರ್. ಮಂಗಳೂರಿನಿಂದ ಬೆಂಗಳೂರು ಸುಮಾರು 350 ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಅಷ್ಟು ಬಂದು, ಇನ್ನೂ ತೊಂಬತ್ತೈದು ಕಿಲೋಮೀಟರ್ ಹೋದ ಹಾಗೆ. ಗಂಟೆಗೆ 37 ಕಿಲೋಮೀಟರ್ ಸರಾಸರಿ, ಹನ್ನೆರಡು ಗಂಟೆ! ಮೆಕ್‌ನಮಾರಾನ ಹೊಸ ದಾಖಲೆಗಿಂತ ಆಕೆಯದ್ದು ಮುಕ್ಕಾಲು ಮೈಲಿ ಜಾಸ್ತಿ. ಗಂಡಸರು ಅದನ್ನು ದಾಟಿದ್ದು ಎರಡು ವರ್ಷದ ನಂತರ. ಹೆಂಗಸರು? ಐವತ್ತು ವರ್ಷ ಬೇಕಾಯಿತು. 2017ರವರೆಗೆ ಆ ದಾಖಲೆ ಹಾಗೇ ಇತ್ತು.

ಬ್ರಿಟನ್‌ನಲ್ಲಿ ವರ್ಷವಿಡೀ ಬೇರೆ ಬೇರೆ ದೂರದ ಸ್ಪರ್ಧೆಗಳ ಸಾಧನೆ ಸೇರಿಸಿ 'ಬೆಸ್ಟ್ ಆಲ್‌ರೌಂಡರ್' ಅಂತ ಒಬ್ಬರನ್ನು ಆರಿಸ್ತಾರೆ. 1959ರಿಂದ 1983ರವರೆಗೆ, ಇಪ್ಪತ್ತೈದು ವರ್ಷ, ಬೇರೆ ಯಾರ ಹೆಸರೂ ಬರಲಿಲ್ಲ. ಪ್ರತಿ ವರ್ಷ ಬೆರಿಲ್. ಕೊನೆಯ ಸಲ ಗೆದ್ದಾಗ ವಯಸ್ಸು 46.

ಮುಂದಿನ ವರ್ಷ ಲಾಸ್ ಏಂಜಲೀಸ್‌ನಲ್ಲಿ ಹೆಂಗಸರಿಗೆ ಒಲಿಂಪಿಕ್ಸ್ ಬಾಗಿಲು ತೆರೀತು. ಆಕೆಗೆ ಆಗ 47. ಬೆರಿಲ್ ಬರ್ಟನ್ ಒಂದೇ ಒಂದು ಒಲಿಂಪಿಕ್ಸ್ ಆಡಲಿಲ್ಲ. ಆಡೋಕೆ ಒಲಿಂಪಿಕ್ಸೇ ಇರಲಿಲ್ಲ. ಪ್ರಾಯದ ಬಗ್ಗೆ ಮಾತಾಡುವಾಗ ನಾವು ಯಾವಾಗಲೂ ಆಟಗಾರ್ತಿಯ ಹುಟ್ಟಿದ ದಿನಾಂಕ ನೋಡ್ತೀವಿ. ಬಾಗಿಲು ತೆರೆದ ದಿನಾಂಕ ನೋಡಲ್ಲ.

ಬೆರಿಲ್ ದೇವತೆಯೇನಲ್ಲ, ಅದನ್ನೂ ಹೇಳಬೇಕು. ಮಗಳು ಡೆನಿಸ್ ಕೂಡ ಒಳ್ಳೆಯ ಸೈಕ್ಲಿಸ್ಟ್ ಆದಳು. ಎಪ್ಪತ್ತರ ದಶಕದ ಮಧ್ಯದಲ್ಲಿ ರಾಷ್ಟ್ರೀಯ ರಸ್ತೆ ಸ್ಪರ್ಧೆಯೊಂದರಲ್ಲಿ ಮಗಳು ಕೊನೆಯ ಗಳಿಗೆಯಲ್ಲಿ ನುಗ್ಗಿ ಅಮ್ಮನನ್ನು ಸೋಲಿಸಿದಳು. ವೇದಿಕೆ ಮೇಲೆ ಅಮ್ಮ ಮಗಳ ಕೈ ಕುಲುಕಲಿಲ್ಲ! ಹೆತ್ತ ಮಗಳ ಕೈ. ಅದು ಸರಿಯಾದ ನಡತೆ ಅಲ್ಲ ಅಂತ ಆಮೇಲೆ ತಾನೇ ಆತ್ಮಕಥೆಯಲ್ಲಿ ಒಪ್ಪಿಕೊಂಡಳು. ನಲವತ್ತರ ಆಸುಪಾಸಿನ ಹೆಂಗಸಿಗೆ ಗೆಲ್ಲುವ ಹಸಿವು ಇಷ್ಟು ಇರುತ್ತೆ ಅಂದ್ರೆ ನಮಗೆ ಇರಿಸುಮುರಿಸು ಆಗುತ್ತೆ ಅಲ್ವಾ? ಸಚಿನ್‌ಗೋ ಧೋನಿಗೋ ಅದೇ ಹಸಿವು ಇದ್ದಾಗ ನಾವೇ ಅದಕ್ಕೆ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಹಾಕಿ ತೋರಿಸಿದ್ದೀವಿ.

ಸರಿ, 1984. ಲಾಸ್ ಏಂಜಲೀಸ್‌ನ ಆ ಮೊದಲ ಸ್ಪರ್ಧೆಗೆ ಯಾರ್ಯಾರು ಬಂದರು ನೋಡಿ. ಚಿನ್ನ ಗೆದ್ದ ಅಮೆರಿಕದ ಕಾನಿ ಕಾರ್ಪೆಂಟರ್ ಹದಿನಾಲ್ಕನೇ ವಯಸ್ಸಿನಲ್ಲಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮಂಜುಗಡ್ಡೆ ಮೇಲೆ ಸ್ಕೇಟಿಂಗ್ ಮಾಡಿದವಳು. ಐದನೇ ಸ್ಥಾನದ ಇಟಲಿಯ ಮರಿಯಾ ಕ್ಯಾನಿನ್ಸ್‌ಗೆ 35 ವರ್ಷ. ಆಕೆ ಹಿಮದ ಮೇಲೆ ದೂರದ ಸ್ಕೀಯಿಂಗ್ ಮಾಡ್ತಿದ್ದವಳು. ಮಗು ಹೆತ್ತು, ಮೂವತ್ತು ದಾಟಿದ ಮೇಲೆ ಸೈಕಲ್ ಸ್ಪರ್ಧೆಗೆ ಇಳಿದಳು. 33ಕ್ಕೆ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ. ಇಟಲಿಯ ಪತ್ರಿಕೆಗಳು ಆಕೆಗೆ 'ಹಾರುವ ಅಮ್ಮ' ಅಂತ ಹೆಸರಿಟ್ಟವು. 1985 ಮತ್ತು 1986ರಲ್ಲಿ ಹೆಂಗಸರ ಟೂರ್ ಡಿ ಫ್ರಾನ್ಸ್ ಗೆದ್ದಳು. 1988ರಲ್ಲಿ ಹೆಂಗಸರ ಮೊದಲ ಜೀರೋ ಡಿ ಇಟಾಲಿಯಾ ನಡೆದಾಗ ಅದನ್ನೂ ಗೆದ್ದಳು, 39ನೇ ವಯಸ್ಸಿನಲ್ಲಿ.

ದುಡ್ಡಿನ ಆಸೆಗೆ ಬಂದರು ಅಂದುಕೊಳ್ಳಬೇಡಿ. 1984ರಲ್ಲಿ ಹೆಂಗಸರ ಟೂರ್ ಗೆದ್ದ ಮರಿಯಾನ್ ಮಾರ್ಟಿನ್‌ಗೆ ಸಿಕ್ಕಿದ್ದು ಸುಮಾರು ಒಂದು ಸಾವಿರ ಡಾಲರ್, ಒಂದು ಕಪ್.

ಲಾಸ್ ಏಂಜಲೀಸ್‌ನಲ್ಲಿ ಆರನೆಯವಳಾಗಿ ಬಂದವಳ ಹೆಸರು ಜೀನಿ ಲೊಂಗೋ. ಫ್ರಾನ್ಸಿನವಳು, ಆಗ 25 ವರ್ಷ. ಗುರಿ ಹತ್ತಿರ ಇರುವಾಗ ಕ್ಯಾನಿನ್ಸ್ ಸೈಕಲ್‌ಗೆ ತಾಗಿ ಈಕೆಯ ಗೇರ್ ಕೆಟ್ಟು ಹೋಯಿತು. ಅವತ್ತು ತಪ್ಪಿದ ಚಿನ್ನ ಸಿಕ್ಕಿದ್ದು ಯಾವಾಗ? ಹನ್ನೆರಡು ವರ್ಷದ ಮೇಲೆ, 1996ರಲ್ಲಿ, ಅಟ್ಲಾಂಟಾದಲ್ಲಿ, ಮಳೆಯಲ್ಲಿ. 37 ವರ್ಷ ಆಗಿತ್ತು. ಅದೇ ವರ್ಷ ಮೆಕ್ಸಿಕೋ ಸಿಟಿಯಲ್ಲಿ ಒಂದು ಗಂಟೆಯಲ್ಲಿ 48.159 ಕಿಲೋಮೀಟರ್ ತುಳಿದಳು. ಸಿಡ್ನಿಯಲ್ಲಿ 41ನೇ ವಯಸ್ಸಿಗೆ ಕಂಚು. ಇನ್ನಾದರೂ ಮನೆಗೆ ಹೋಗ್ತಾಳೆ ಅಂದುಕೊಂಡರು. ಅಥೆನ್ಸ್‌ಗೆ ಬಂದಳು. ಆಮೇಲೆ ಬೀಜಿಂಗ್‌ಗೂ ಬಂದಳು!

2008ರ ಬೀಜಿಂಗ್. ಲೊಂಗೋಗೆ 49. ಅದು ಆಕೆಯ ಏಳನೇ ಒಲಿಂಪಿಕ್ಸ್. ಅದೇ ಸೈಕ್ಲಿಂಗ್‌ಗೆ ಬಂದಿದ್ದ ಹಾಲೆಂಡಿನ ಮರಿಯಾನೆ ವೋಸ್ ಹುಟ್ಟುವ ಮೂರು ವರ್ಷ ಮೊದಲೇ ಈಕೆ ಒಲಿಂಪಿಕ್ಸ್ ಆಡಿದ್ದಳು. ಟೈಮ್ ಟ್ರಯಲ್‌ನಲ್ಲಿ ಚಿನ್ನ ಗೆದ್ದದ್ದು ನಾವು ಆಗಲೇ ನೋಡಿದ ಕ್ರಿಸ್ಟಿನ್ ಆರ್ಮ್‌ಸ್ಟ್ರಾಂಗ್. ಲೊಂಗೋ ನಾಲ್ಕನೆಯವಳು. ಕಂಚಿಗೂ ಆಕೆಗೂ ನಡುವೆ ಎರಡು ಸೆಕೆಂಡ್ ಕೂಡ ಇರಲಿಲ್ಲ. ಐವತ್ತಕ್ಕೆ ಎರಡೂವರೆ ತಿಂಗಳು ಬಾಕಿ ಇದ್ದ ಹೆಂಗಸು, ಪದಕಕ್ಕೆ ಎರಡು ಸೆಕೆಂಡ್ ಬಾಕಿ. 2011ರಲ್ಲಿ, 52ನೇ ವಯಸ್ಸಿನಲ್ಲಿ, ಫ್ರಾನ್ಸಿನ ರಾಷ್ಟ್ರೀಯ ಟೈಮ್ ಟ್ರಯಲ್ ಮತ್ತೊಮ್ಮೆ ಗೆದ್ದಳು. ಆಕೆಯ ರಾಷ್ಟ್ರೀಯ ಪ್ರಶಸ್ತಿಗಳು ಒಟ್ಟು 59.

ಇಲ್ಲಿಗೆ ಚಪ್ಪಾಳೆ ಹೊಡೆದು ಮುಗಿಸಿದರೆ ನಾನು ಸುದ್ದಿಯವನಲ್ಲ. ಲೊಂಗೋ ಕಥೆಗೆ ಕಪ್ಪು ಪುಟವೂ ಇದೆ. 1987ರಲ್ಲಿ ಎಫಿಡ್ರಿನ್ ಅನ್ನೋ ನಿಷೇಧಿತ ಔಷಧಿ ಪರೀಕ್ಷೆಯಲ್ಲಿ ಸಿಕ್ಕಿ ಒಂದು ತಿಂಗಳು ಅಮಾನತಾಗಿದ್ದಳು. 2011ರಲ್ಲಿ ಪರೀಕ್ಷೆಗೆ ಸಿಗದೆ ತಪ್ಪಿಸಿಕೊಂಡಳು ಅನ್ನೋ ಆರೋಪ ಬಂತು. ಫ್ರೆಂಚ್ ಫೆಡರೇಶನ್ ಶಿಕ್ಷೆ ಕೊಡದೆ ಬಿಟ್ಟಿತು. ಅದೇ ಹೊತ್ತಿಗೆ ಆಕೆಯ ಗಂಡ, ಆಕೆಗೆ ಕೋಚ್ ಕೂಡ ಆಗಿದ್ದವನು, ಇಪಿಒ ಅನ್ನೋ ರಕ್ತವರ್ಧಕ ತರಿಸಿಕೊಂಡ ವಿಷಯ ಹೊರಬಿತ್ತು. ಅದು ತನ್ನ ಬಳಕೆಗೆ ಅಂದ. 2012ರಲ್ಲಿ ಪೊಲೀಸರು ಆತನನ್ನು ಹಿಡಿದರು. ಲೊಂಗೋ ಮೇಲೆ ಇಪಿಒ ಸಾಬೀತಾಗಿಲ್ಲ. ಆದರೆ ಆ ನೆರಳು ಹೋಗಿಲ್ಲ. ಹಾಗಂತ ವಯಸ್ಸಾದವಳು ಗೆದ್ದಳು ಅಂದ ತಕ್ಷಣ ಔಷಧಿ ಅನ್ನೋದೂ ತಪ್ಪು. ಆ ಕಾಲದ ಗಂಡಸರ ಸೈಕ್ಲಿಂಗ್‌ನಲ್ಲಿ ಸಿಕ್ಕಿಬಿದ್ದವರ ಪಟ್ಟಿ ಓದೋಕೆ ಅರ್ಧ ಗಂಟೆ ಬುಲೆಟಿನ್ ಸಾಲಲ್ಲ. ಅವರಲ್ಲಿ ಬಹುಪಾಲು ಇಪ್ಪತ್ತರಿಂದ ಮೂವತ್ತೈದರ ಒಳಗಿನವರು.

ಈಗ ನಿಮ್ಮಲ್ಲಿ ಕೆಲವರು ಒಂದು ಪ್ರಶ್ನೆ ಕೇಳಬಹುದು. ಹೆಂಗಸರ ಸೈಕ್ಲಿಂಗ್‌ನಲ್ಲಿ ಸ್ಪರ್ಧಿಗಳೇ ಕಡಿಮೆ, ಅದಕ್ಕೇ ಪ್ರಾಯ ಆದವರೂ ಗೆಲ್ತಾರೆ ಅಷ್ಟೇ ಅಲ್ವಾ?

ಒಳ್ಳೆಯ ಪ್ರಶ್ನೆ. ಎಂಬತ್ತರ ದಶಕದ ಮಟ್ಟಿಗೆ ಇದರಲ್ಲಿ ನಿಜ ಇದೆ. ಹುಡುಗಿಯರನ್ನು ಹದಿನೈದಕ್ಕೇ ಹಿಡಿದು ತರಬೇತಿ ಕೊಡುವ ವ್ಯವಸ್ಥೆ ಎಲ್ಲಿತ್ತು? ಇಲ್ಲದ್ದರಿಂದಲೇ ಹಿಮದಿಂದ ಒಬ್ಬಳು, ಈಜುಕೊಳದಿಂದ ಒಬ್ಬಳು, ಹೆರಿಗೆ ಮನೆಯಿಂದ ಒಬ್ಬಳು ಬಂದು ಸೇರಿಕೊಂಡರು. ಆದರೆ ಅದೇ ಮಾತನ್ನು 2022ಕ್ಕೆ ಹೇಳಿ ನೋಡೋಣ. ಅಷ್ಟು ಹೊತ್ತಿಗೆ ಯುರೋಪಿನಲ್ಲಿ ಸಂಬಳದ ತಂಡಗಳಿದ್ದವು, ಹದಿನೆಂಟಕ್ಕೇ ವೃತ್ತಿಗೆ ಇಳಿದ ಹುಡುಗಿಯರಿದ್ದರು. ಅವರ ಮಧ್ಯೆ ಆನಮೀಕ್ ವಾನ್ ವ್ಲೂಟನ್ ಏನು ಮಾಡಿದಳು ಕೇಳಿ.

ಹಾಲೆಂಡಿನವಳು, ಹುಟ್ಟಿದ್ದು 1982ರಲ್ಲಿ. ಓದಿದ್ದು ರೋಗಗಳು ಹರಡುವ ಬಗೆಯ ಬಗ್ಗೆ, ಸ್ನಾತಕೋತ್ತರ ಪದವಿ. ಫುಟ್‌ಬಾಲ್ ಆಡ್ತಾ ಮೊಣಕಾಲು ಕೆಟ್ಟು ಸೈಕಲ್ ಹಿಡಿದವಳು. ಇಪ್ಪತ್ತೈದರ ಸುಮಾರಿಗೆ ವೃತ್ತಿಪರಳಾದಳು. 2016ರ ರಿಯೋ ರಸ್ತೆ ಸ್ಪರ್ಧೆಯಲ್ಲಿ ಒಬ್ಬಳೇ ಮುಂದಿದ್ದಳು. ಚಿನ್ನ ಕೈಗೆ ಬಂತು ಅನ್ನುವಾಗ ಗುಡ್ಡದ ಇಳಿಜಾರಿನಲ್ಲಿ ಬಿದ್ದಳು. ನಾವೆಲ್ಲ ಆ ದೃಶ್ಯ ನೋಡಿದ್ದೀವಿ. ಸಿಮೆಂಟಿನ ಚರಂಡಿ ಅಂಚಿಗೆ ಮಡಚಿಕೊಂಡು ಅಲುಗಾಡದೆ ಬಿದ್ದಿದ್ದಳು. ಸತ್ತೇ ಹೋದಳು ಅಂದುಕೊಂಡವರೇ ಜಾಸ್ತಿ. ತಲೆಗೆ ಪೆಟ್ಟು, ಬೆನ್ನುಮೂಳೆಯಲ್ಲಿ ಮೂರು ಬಿರುಕು. ಮುಂದಿನ ವರ್ಷವೇ ಟೈಮ್ ಟ್ರಯಲ್ ವಿಶ್ವ ಚಾಂಪಿಯನ್. 2019ರಲ್ಲಿ ರಸ್ತೆ ಸ್ಪರ್ಧೆಯ ವಿಶ್ವ ಚಾಂಪಿಯನ್, ನೂರಕ್ಕೂ ಹೆಚ್ಚು ಕಿಲೋಮೀಟರ್ ಒಬ್ಬಳೇ ಮುಂದೆ ತುಳಿದು.

ಟೋಕಿಯೋದಲ್ಲಿ ಇನ್ನೊಂದು ಪ್ರಹಸನ. ಗೆರೆ ದಾಟಿ ಎರಡೂ ಕೈ ಎತ್ತಿ ಗೆದ್ದೆ ಅಂತ ಸಂಭ್ರಮಿಸಿದಳು. ಗೆದ್ದಿರಲಿಲ್ಲ! ಆಸ್ಟ್ರಿಯಾದ ಗಣಿತದ ಸಂಶೋಧಕಿ ಆನಾ ಕೀಸೆನ್‌ಹೋಫರ್ ಎಲ್ಲರಿಗಿಂತ ಮುಂದೆ ಯಾವಾಗಲೋ ಗೆರೆ ದಾಟಿ ಆಗಿತ್ತು. ಇವರಿಗೆ ಗೊತ್ತೇ ಇರಲಿಲ್ಲ. ಮೂರು ದಿನ ಬಿಟ್ಟು ಟೈಮ್ ಟ್ರಯಲ್‌ನಲ್ಲಿ ಚಿನ್ನ ಗೆದ್ದು ಲೆಕ್ಕ ಚುಕ್ತಾ ಮಾಡಿದಳು.

2022ರಲ್ಲಿ ಹೆಂಗಸರ ಟೂರ್ ಡಿ ಫ್ರಾನ್ಸ್ ಮತ್ತೆ ಶುರುವಾಯಿತು. 1989ರ ನಂತರ ಬಹಳ ವರ್ಷ ಅದು ನೆನೆಗುದಿಗೆ ಬಿದ್ದಿತ್ತು. ವಾನ್ ವ್ಲೂಟನ್‌ಗೆ 39. ಮೊದಲ ದಿನಗಳಲ್ಲಿ ಹೊಟ್ಟೆ ಕೆಟ್ಟು, ಊಟ ಸೇರದೆ, ಬಿಟ್ಟು ಹೋಗುವ ಸ್ಥಿತಿ. ಏಳನೇ ದಿನ ಬೆಟ್ಟಗಳು ಬಂದವು. ಅವತ್ತು ಎಲ್ಲರನ್ನೂ ಬಿಟ್ಟು ಹೋದವಳು ಟೂರ್ ಮುಗಿಯುವವರೆಗೆ ಯಾರ ಕೈಗೂ ಸಿಗಲಿಲ್ಲ. ಅದೇ ವರ್ಷ ಇಟಲಿಯ ಜೀರೋ, ಸ್ಪೇನಿನ ವುಯೆಲ್ಟಾ ಎರಡೂ ಆಕೆಯದ್ದೇ. ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ವೊಲೊಂಗಾಂಗ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಕೆಲವೇ ದಿನ ಮೊದಲು ಬಿದ್ದು ಮೊಣಕೈ ಮುರಿದಿತ್ತು. ಎದ್ದು ನಿಂತು ತುಳಿಯೋಕಾಗಲ್ಲ. ಕೂತೇ ತುಳಿದಳು. ಕೊನೆಯ ಕಿಲೋಮೀಟರ್‌ನಲ್ಲಿ ಹಿಂದಿನಿಂದ ನುಗ್ಗಿದಳು. ಇನ್ನೇನು ನಲವತ್ತು ಆಗೋಕೆ ಎರಡು ವಾರ ಇತ್ತು, ವಿಶ್ವ ಚಾಂಪಿಯನ್. ಸ್ಪರ್ಧಿಗಳು ಕಡಿಮೆ ಅಂತ ಈಗ ಹೇಳಿ!

ದೇಹದ ಲೆಕ್ಕ ಹೇಳ್ತೀನಿ ಅಂದಿದ್ದೆ. ವಯಸ್ಸಾದ ಹಾಗೆ ಮೊದಲು ಕಳಚುವುದು ಚುರುಕು, ಸಿಡಿಯುವ ಶಕ್ತಿ. ನೂರು ಮೀಟರ್ ಓಟದವರಿಗೆ ಅದೇ ಬಂಡವಾಳ. ಗಂಟೆಗಟ್ಟಲೆ ಒಂದೇ ಬಿಗಿಯಲ್ಲಿ ತುಳಿಯುವ ತಾಳಿಕೆ ನಿಧಾನವಾಗಿ ಇಳಿಯುತ್ತೆ, ಅಭ್ಯಾಸ ಬಿಡದವರಲ್ಲಿ ಇನ್ನೂ ನಿಧಾನ. ಓಟದಲ್ಲಿ ಪ್ರತಿ ಹೆಜ್ಜೆಗೂ ನೆಲ ಕೀಲಿಗೆ ಗುದ್ದುತ್ತೆ. ಸೈಕಲ್‌ನಲ್ಲಿ ಮೈಭಾರ ಸೀಟಿನ ಮೇಲೆ. ಓಡಬೇಡ ಅಂದ ಸೊಂಟದಿಂದಲೇ ಆರ್ಮ್‌ಸ್ಟ್ರಾಂಗ್ ಮೂರು ಚಿನ್ನ ತಂದದ್ದು ಹಾಗೆ. ಜತೆಗೆ ಎಲ್ಲಿ ಶಕ್ತಿ ಸುರೀಬೇಕು, ಎಲ್ಲಿ ಉಳಿಸಿಕೊಳ್ಳಬೇಕು ಅನ್ನೋ ಅಂದಾಜು ಇಪ್ಪತ್ತಕ್ಕೆ ಬರೋದಲ್ಲ.

ಆದರೆ ದೇಹ ತಡೀತು ಅಂತ ಊರು ಬಿಡುತ್ತಾ? ಸೈಕಲ್ ತಂಡದವಳು ಬಸುರಿಯಾದರೆ ಸಂಬಳ ನಿಂತಿತು, ಒಪ್ಪಂದ ಮುಗೀತು ಅನ್ನೋದೇ ಬಹಳ ಕಾಲದ ರೂಢಿ. ದೊಡ್ಡ ಮಹಿಳಾ ತಂಡಗಳಿಗೆ ಕನಿಷ್ಠ ಸಂಬಳ, ಹೆರಿಗೆ ರಜೆ ಅನ್ನೋ ನಿಯಮ ಬಂದದ್ದು 2020ರಲ್ಲಿ. ಮೂರು ವರ್ಷ ಹಿಂದಷ್ಟೇ ಹೆತ್ತಿದ್ದ ಬ್ರಿಟನ್ನಿನ ಲಿಜ್ಜಿ ಡೇಗ್ನನ್ 2021ರಲ್ಲಿ ಮೊದಲ ಮಹಿಳಾ ಪ್ಯಾರಿಸ್-ರೂಬೇ ಗೆದ್ದಳು. ಗಂಡಸರಿಗೆ ಆ ಸ್ಪರ್ಧೆ 1896ರಿಂದಲೂ ಇತ್ತು. ಆಕೆಗೆ ಬಹುಮಾನ 1,535 ಯೂರೋ, ಮಾರನೇ ದಿನ ಗೆದ್ದ ಗಂಡಸಿಗೆ 30,000. ಇದು ಯಾವುದೋ ಹಳೇ ಕಾಲದ ಲೆಕ್ಕ ಅಲ್ಲ, ಕೋವಿಡ್ ನಂತರದ್ದು.

ನಮ್ಮ ದೇಶದಲ್ಲೂ ಒಬ್ಬಳಿದ್ದಾಳೆ. ಪುಣೆಯ ಪ್ರೀತಿ ಮಸ್ಕೆ. ಎರಡು ಮಕ್ಕಳ ತಾಯಿ. ಕಾಯಿಲೆ, ಖಿನ್ನತೆಯಿಂದ ಹೊರಬರೋಕೆ ಅಂತ ನಲವತ್ತರ ಹೊತ್ತಿಗೆ ಸೈಕಲ್ ಹಿಡಿದಳು. 2022ರ ಜೂನ್‌ನಲ್ಲಿ, 45ನೇ ವಯಸ್ಸಿನಲ್ಲಿ, ಲೇಹ್‌ನಿಂದ ಮನಾಲಿಗೆ ಉಸಿರು ಸಿಗದ ಕಣಿವೆ ದಾರಿಗಳಲ್ಲಿ ಒಬ್ಬಳೇ ತುಳಿದು 55 ಗಂಟೆ 13 ನಿಮಿಷದಲ್ಲಿ ತಲುಪಿದಳು.

ನಮ್ಮ ರಾಜ್ಯ ಸೈಕಲ್ ಗೊತ್ತಿಲ್ಲದ ರಾಜ್ಯ ಅಲ್ಲ. ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ಪಟುಗಳು ಹುಟ್ಟಿಕೊಂಡೇ ಬಂದಿದ್ದಾರೆ, ಹುಡುಗಿಯರೂ ಸೇರಿ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಹೆಣ್ಣುಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡ್ತು. ಹಳ್ಳಿ ದಾರಿಯಲ್ಲಿ ಜಡೆ ಹಾರಿಸಿಕೊಂಡು ಸಾಲಾಗಿ ಹೋಗ್ತಿದ್ದ ಆ ಹುಡುಗಿಯರನ್ನು ನೀವೂ ನೋಡಿದ್ದೀರಿ. ಆ ಮೊದಲ ಸಾಲಿನವರಿಗೆ ಈಗ ಮೂವತ್ತು ದಾಟಿರುತ್ತೆ. ಮರಿಯಾ ಕ್ಯಾನಿನ್ಸ್ ಸ್ಪರ್ಧೆಗೆ ಇಳಿದ ಪ್ರಾಯ! ಅವರ ಸೈಕಲ್ ಎಲ್ಲಿ? ಹೆಚ್ಚಿನವರದ್ದು ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ತಮ್ಮನಿಗೆ ಹೋಯಿತು, ಇಲ್ಲ ಗುಜರಿಗೆ ಹೋಯಿತು. ತುಳಿಯೋಕೆ ಬರುತ್ತೆ ಅನ್ನೋದನ್ನು ಗಂಡನ ಮನೆಯಲ್ಲಿ ಯಾರೂ ಕೇಳಿರಲ್ಲ.

ನಮ್ಮ ಚಿಕ್ಕಮ್ಮನ ಕಥೆಯೂ ಅದೇ. ಕಲ್ಲಡ್ಕದ ಹತ್ತಿರವೇ ಅವರ ತವರು. ಅಣ್ಣನ ಸೈಕಲ್ ಕದ್ದು, ಅಡಿಕೆ ಒಣಗಿಸುವ ಅಂಗಳದಲ್ಲಿ ಸುತ್ತು ಹೊಡೆದು ಕಲಿತವರು. ಬಾರಿನ ಕೆಳಗೆ ಕಾಲು ತೂರಿಸಿ. ನರಹರಿ ಪರ್ವತದ ಬುಡದವರೆಗೆ ಹೋಗಿ ಬರ್ತಿದ್ದರಂತೆ. ಮದುವೆ ನಿಶ್ಚಯ ಆದ ವಾರ ಸೈಕಲ್‌ಗೆ ಬೀಗ ಬಿತ್ತು. ಇದನ್ನು ಅವರು ನನಗೆ ಹೇಳಿದ್ದೇ ಈ ಕಥೆ ಟಿವಿಯಲ್ಲಿ ಬಂದ ರಾತ್ರಿ, ಫೋನ್ ಮಾಡಿ. ನಲವತ್ತು ವರ್ಷದಲ್ಲಿ ಒಂದು ಸಲವೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಅನ್ನೋದು ಬೇರೆ ಮಾತು.

"ಆ ಬೆರಿಲ್ ಉಂಟಲ್ಲ, ಅವಳಿಗೆ ಆಮೇಲೆ ಎಂತ ಆಯಿತು?" ಅಂತ ಕೇಳಿದರು.

ಹೇಳಿದೆ. 1996ರ ಮೇ ತಿಂಗಳು. ತನ್ನ 59ನೇ ಹುಟ್ಟುಹಬ್ಬಕ್ಕೆ ಜನರನ್ನು ಕರೆಯೋಕೆ ಆಮಂತ್ರಣ ಹಿಡಿದು ಸೈಕಲ್‌ನಲ್ಲಿ ಹೊರಟಿದ್ದಳು. ದಾರಿಯಲ್ಲೇ ಹೃದಯ ನಿಂತಿತು. ಸಣ್ಣಂದಿನಲ್ಲಿ ಡಾಕ್ಟರು ಜೋಪಾನ ಅಂದಿದ್ದ ಅದೇ ಹೃದಯ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಮಗಳ ಹತ್ತಿರ ಕೋಪ ಹಾಗೇ ಇತ್ತಾ?"

ಇಲ್ಲ ಚಿಕ್ಕಮ್ಮ, ಅಂದೆ. 1982ರಲ್ಲಿ ಇಬ್ಬರೂ ಸೇರಿ ಹತ್ತು ಮೈಲಿಯಲ್ಲಿ ಬ್ರಿಟನ್ ದಾಖಲೆ ಮಾಡಿದ್ದಾರೆ. 21 ನಿಮಿಷ 25 ಸೆಕೆಂಡ್. ಅಮ್ಮನಿಗೆ ಆಗ 45. ಇಬ್ಬರು ಕೂತು ತುಳಿಯುವ ಸೈಕಲ್ ಬರುತ್ತಲ್ಲ, ಅದರಲ್ಲಿ. ಅಮ್ಮ, ಮಗಳು, ಒಂದೇ ಸೈಕಲ್.

"ಹೌದಾ! ಮುಂದೆ ಕೂತದ್ದು ಯಾರು ಮಾರಾಯ, ಅಮ್ಮನಾ ಮಗಳಾ?"